ಇಪ್ಪತ್ಮೂರನೇ ಕೋಲು

ನವೆಂಬರ್ ೧೪
ಮಂಜಿನ ಶಿಬಿರದಿಂದ

ಅಕ್ಕಾ,

ಕೈಬೆರಳು ಹತ್ತೂ ಜಾಗದಲ್ಲಿವೆ, ಪೆನ್ನು ಹಿಡಿಯೋಕೆ ಆಗ್ತಿದೆ. ಇಷ್ಟು ಗೊತ್ತಾದ್ರೆ ನನ್ನ ಕ್ಷೇಮ ನಿಮಗೆ ಗೊತ್ತಾದ ಹಾಗೆ.

ಬಂದು ಹನ್ನೊಂದು ದಿನ ಆಯ್ತು. ಇಲ್ಲಿ ಸೂರ್ಯ ಮುಳುಗೋದೇ ಇಲ್ಲ, ಗಾಣದ ಎತ್ತಿನ ಹಾಗೆ ತಲೆ ಸುತ್ತಲೂ ತಿರುಗ್ತಾ ಇರ್ತಾನೆ. ಹದಿನಾರು ಜನ ಸಂಶೋಧಕರು, ಒಬ್ಬ ಅಡುಗೆಯವ, ಒಬ್ಬ ಮೆಕ್ಯಾನಿಕ್, ಮತ್ತೆ ನಾನು. ದಕ್ಷಿಣ ಧ್ರುವದ ಸಂಶೋಧನೆಯನ್ನ ತರಗತಿಯೊಳಗೆ ತರೋಕೆ ಬಂದ ಟೀಚರ್ ಅಂತ ಮೊದಲೆರಡು ದಿನ ಮರ್ಯಾದೆ ಕೊಟ್ರು. ಮೂರನೇ ದಿನ ಕೈಗೆ ಗುದ್ದಲಿ ಕೊಟ್ರು.

ಮಕ್ಕಳಿಗೆ ಹೇಳಿ, ಅವರ ಕೋಲುಗಳು ನೆಟ್ಟಾಯ್ತು. ಮೂವತ್ನಾಲ್ಕು ಮಕ್ಕಳಿಗೆ ಮೂವತ್ನಾಲ್ಕು ಬಿದಿರುಕೋಲು, ಹತ್ತತ್ತು ಮೀಟರ್ ದೂರದಲ್ಲಿ, ಒಂದೇ ಸಾಲು. ಒಂದೊಂದರ ತಲೆಗೂ ಹಾಜರಿ ನಂಬರಿನ ಚೀಟಿ. ಕೋಲು ಹಿಮದ ಮೇಲೆ ಎಷ್ಟು ಸೆಂಟಿಮೀಟರ್ ಕಾಣ್ತದೆ ಅಂತ ವಾರಕ್ಕೊಮ್ಮೆ ಅಳೀತೀನಿ. ಹಿಮ ಬಿದ್ರೆ ಸಂಖ್ಯೆ ಇಳೀತದೆ, ಗಾಳಿ ಹಿಮ ಹೊತ್ಕೊಂಡು ಹೋದ್ರೆ ಏರ್ತದೆ. ಪ್ರತಿ ಶುಕ್ರವಾರ ಇಲ್ಲಿನ ರೇಡಿಯೊ ಕೋಣೆಯಿಂದ ಸಂಖ್ಯೆಗಳು ಮಾತ್ರ ಶಾಲೆ ಆಫೀಸಿಗೆ ಬರ್ತವೆ. ನನ್ನ ಕಾಗದಗಳು ವಿಮಾನ ಬಂದಾಗಲೇ ಹೊರಡೋದು.

ನಮ್ಮ ಮುಖ್ಯಸ್ಥರಿಗೆ ನಾನು ಅಡ್ಡಗೆರೆ ಸಾಹೇಬರು ಅಂತ ಹೆಸರಿಟ್ಟಿದೀನಿ. ಅಳೆಯೋಕೆ ಆಗದಿದ್ರೆ ಆ ಜಾಗದಲ್ಲಿ ಅಡ್ಡಗೆರೆ ಎಳೀಬೇಕು, ಅಂದಾಜು ಸಂಖ್ಯೆ ಬರೆದವರು ಮುಂದಿನ ವಿಮಾನ ಹತ್ತಬಹುದು ಅಂತ ಮೊದಲ ದಿನವೇ ಹೇಳಿದ್ರು. ಇದನ್ನ ಮಕ್ಕಳಿಗೆ ಓದಿ ಹೇಳಿ.

ನನ್ನ ತರಗತಿ ಹೊತ್ಕೊಂಡಿದೀರಿ. ಋಣ ದೊಡ್ಡದು.

ನಿಮ್ಮ ವಿಜ್ಞಾನಿ


ನವೆಂಬರ್ ೩೦
ಸ್ಟಾಫ್ ರೂಮು

ಏನಮ್ಮ ವಿಜ್ಞಾನಿ,

ಗುದ್ದಲಿ ಕೊಟ್ರು ಅಂತ ಓದಿ ಹೊಟ್ಟೆ ತಣ್ಣಗಾಯ್ತು. ಹದಿನೈದು ವರ್ಷ ಒಂದೇ ಮೇಜಿನ ಆ ಕಡೆ ಕೂತು ಒಂದು ದಿನವೂ ಮೇಜು ಒರೆಸದವಳು ನೀನು.

ನಿನ್ನ ಒಂಬತ್ತನೇ ತರಗತಿ ನನ್ನ ತಲೆ ತಿಂತಾ ಇದೆ. ಲೆಕ್ಕದವಳಿಗೆ ವಿಜ್ಞಾನ ಏನು ಕಷ್ಟ ಅಂತ ಹೆಡ್ ಮೇಡಂ ನಗ್ತಾ ನಗ್ತಾ ನನ್ನ ತಲೆಗೆ ಕಟ್ಟಿದ್ರಲ್ಲ, ಈಗ ದಿನಾ ರಾತ್ರಿ ಪಾಠ ಓದ್ಕೊಂಡು ಬೆಳಿಗ್ಗೆ ಬಂದು ಎಲ್ಲಾ ಗೊತ್ತಿರೋ ಮುಖ ಮಾಡ್ತೀನಿ. ನೀನು ಅಲ್ಲಿಗೆ ಹೋಗೋಕೆ ಅರ್ಜಿ ಬರೆದುಕೊಟ್ಟವಳೂ ನಾನೇ, ಅನುಭವಿಸ್ತಾ ಇರೋಳೂ ನಾನೇ.

ಆದ್ರೂ ಒಂದು ಮಾತು ಒಪ್ಕೋಬೇಕು. ಆ ಕೋಲುಗಳು ಕೆಲಸ ಮಾಡಿವೆ. ಹಿಂದಿನ ಗೋಡೆ ಉದ್ದಕ್ಕೂ ಗ್ರಾಫ್ ಹಾಳೆ ಅಂಟಿಸಿದೀನಿ. ಶುಕ್ರವಾರ ನಿನ್ನ ಸಂಖ್ಯೆ ಬಂದ್ರೆ ಸಾಕು, ಮುಖ ಎತ್ತದ ಮಕ್ಕಳೂ ಸ್ಕೇಲು ಹಿಡ್ಕೊಂಡು ಎದ್ದು ಬರ್ತಾರೆ. ನನ್ನ ಕೋಲು ಮುಳುಗ್ತಿದೆ, ನಿನ್ನದು ತೇಲ್ತಿದೆ ಅಂತ ಜಗಳ.

ನಿಂಗೆ ಇಪ್ಪತ್ಮೂರು ಗೊತ್ತಲ್ಲ, ಬಾಗಿಲ ಪಕ್ಕ ಕೂರ್ತಾಳೆ, ಕೇಳಿದ್ರೆ ಮಾತ್ರ ಬಾಯಿ ಬಿಡ್ತಾಳೆ. ಚಿಕ್ಕಮ್ಮನ ಮನೇಲಿ ಇರೋದು. ಚಿಕ್ಕಮ್ಮ ಆಸ್ಪತ್ರೆಯ ಬಟ್ಟೆ ಒಗೆಯೋ ವಿಭಾಗದಲ್ಲಿ, ಪಾಲಕರ ಸಭೆಗೆ ಒಂದು ಸಲವೂ ಬಂದಿಲ್ಲ. ಆ ಹುಡುಗಿ ಮೊನ್ನೆ ತಾನಾಗೇ ಎದ್ದು ನಿಂತು, "ಮಿಸ್, ಎಲ್ಲರಿಗೂ ಪೂರ್ತಿ ಸಂಖ್ಯೆ ಬಂದಿದೆ, ನಂಗೆ ಮಾತ್ರ ನೂರ ಹದಿನೈದೂವರೆ, ನೂರ ಹನ್ನೆರಡೂವರೆ ಅಂತ ಬಂದಿದೆ, ಯಾಕೆ?" ಅಂದ್ಲು. ನಂಗೇನು ಗೊತ್ತು. ನಿನ್ನ ಕೋಲನ್ನ ಮಿಸ್ ಹೆಚ್ಚು ಜಾಗ್ರತೆಯಿಂದ ಅಳೀತಾರೆ ಕಣೇ ಅಂದೆ. ಅವಳ ಮುಖ ನೋಡಬೇಕಿತ್ತು. ಮಧ್ಯಾಹ್ನ ಊಟದ ಹೊತ್ತಲ್ಲಿ ಆ ಮೂಲೆ ಈ ಮೂಲೆ ಹೋಗಿ ಎಲ್ಲರಿಗೂ ಅದನ್ನೇ ಹೇಳ್ಕೊಂಡು ಬಂದ್ಲಂತೆ.

ಅವಳಿಗೆ ಒಂದು ಸಾಲು ಬರಿ. ಬೆಚ್ಚಗಿರು.

ಲೆಕ್ಕದಕ್ಕ


ಡಿಸೆಂಬರ್ ೧೫
ಶಿಬಿರ

ಅಕ್ಕಾ,

ವಿಮಾನ ಅರ್ಧ ಗಂಟೆಯಲ್ಲಿ ಹೊರಡ್ತದೆ, ಆದ್ದರಿಂದ ಚಿಕ್ಕ ಕಾಗದ.

ಇಪ್ಪತ್ಮೂರಕ್ಕೆ ನೀವು ಹೇಳಿದ್ದೇ ಸರಿ ಅನ್ನಿ. ಅವಳ ಕೋಲನ್ನ ಸ್ವಲ್ಪ ಹೆಚ್ಚು ಜಾಗ್ರತೆಯಿಂದ ಅಳೀತೀನಿ.

ನಾಲ್ಕು ದಿನ ಬಿರುಗಾಳಿ ಇತ್ತು. ಡೇರೆಯಿಂದ ಅಡುಗೆಮನೆಗೆ ಹಗ್ಗ ಕಟ್ಟಿದಾರೆ, ಅದನ್ನ ಹಿಡ್ಕೊಂಡೇ ಊಟಕ್ಕೆ ಹೋಗಬೇಕು. ಮಂಜುಗಡ್ಡೆ ಕೊರೆದು ತೆಗೆದ ಕಂಬದಂಥ ತುಂಡುಗಳನ್ನ ಎಣಿಸಿ ಪೆಟ್ಟಿಗೆಗೆ ಹಾಕೋದು ಈಗ ನನ್ನ ಕೆಲಸ. ಎಣಿಸೋದು ನಂಗೆ ಬರಲ್ಲ ಅಂತ ನೀವು ಯಾವಾಗಲೂ ಹೇಳ್ತಿದ್ರಿ.

ನಿಮ್ಮ ವಿಜ್ಞಾನಿ


ಜನವರಿ ೮
ಶಾಲೆ

ಏನಮ್ಮ,

ಇವತ್ತು ನಿನ್ನ ಮಾನ ಉಳಿಸಿ ಬಂದಿದೀನಿ.

ನಿನ್ನ ಕೋಲುಗಳ ಗೋಡೆ ನೋಡೋಕೆ ಶಿಕ್ಷಣ ಇಲಾಖೆಯಿಂದ ನಾಲ್ಕು ಜನ ಬಂದಿದ್ರು. ಇದು ಹಿಡಿಸಿದ್ರೆ ಬೇರೆ ಶಾಲೆಗಳಿಂದಲೂ ಟೀಚರುಗಳನ್ನ ಕಳಿಸ್ತಾರಂತೆ. ಹೆಡ್ ಮೇಡಂ ಹೊಸ ಸೀರೆ ಉಟ್ಟಿದ್ರು. ಮಕ್ಕಳು ತಮ್ಮ ತಮ್ಮ ಗೆರೆ ತೋರಿಸಿ ಚೆನ್ನಾಗೇ ಹೇಳಿದ್ರು. ಬಂದವರಲ್ಲಿ ಒಬ್ಬರು ಸುಮ್ಮನಿರದೆ ಬಾಗಿಲ ಪಕ್ಕದವಳ ಹತ್ರ ಹೋಗಿ, ನಿನ್ನ ಗೆರೆ ಯಾವುದಮ್ಮ ಅಂದ್ರು. ಇಪ್ಪತ್ಮೂರು ಎದ್ದು ನಿಂತ್ಲು. "ನನ್ನ ಗೆರೆ ಇದು ಸಾರ್. ಆದ್ರೆ ಅಲ್ಲಿ ನನ್ನ ಕೋಲು ಇಲ್ಲ" ಅಂದ್ಲು.

ಯಾಕಮ್ಮ ಅಂದ್ರು ಅವರು. ಇಪ್ಪತ್ತೆರಡು ಮತ್ತೆ ಇಪ್ಪತ್ನಾಲ್ಕನ್ನ ಕೂಡಿಸಿ ಎರಡರಿಂದ ಭಾಗಿಸಿದ್ರೆ ಪ್ರತಿ ವಾರವೂ ನನ್ನದು ಬರ್ತದೆ ಸಾರ್, ಹಿಮ ಹಾಗೆ ಬೀಳಲ್ಲ ಅಲ್ವಾ, ಅಂತ ನಿಧಾನವಾಗಿ ಹೇಳ್ತಾಳೆ. ಹೆಡ್ ಮೇಡಂ ನನ್ನ ಕಡೆ ನೋಡಿದ ನೋಟ ನಂಗೆ ಮಾತ್ರ ಗೊತ್ತು.

ನಾನು ಸುಮ್ಮನಿರಲಿಲ್ಲ. ಕೊರೆಯೋ ಮಂಜಿನಲ್ಲಿ ನಿಂತು ಅಳೀತಿರೋ ಟೀಚರಿಗೆ ಸುಳ್ಳುಬುರುಕಿ ಅಂತೀಯಾ ಅಂದೆ. ಅವಳು ಆ ಪದ ಆಡಿರಲೇ ಇಲ್ಲ. ಎಲ್ಲರ ಮುಂದೆ ಅವಳ ಬಾಯಲ್ಲಿ, "ನಾನು ಲೆಕ್ಕ ತಪ್ಪು ಮಾಡಿದೆ, ಕ್ಷಮಿಸಿ" ಅಂತ ಹೇಳಿಸಿದೆ. ಒಂದು ಸಲ ಮೆಲ್ಲಗೆ ಹೇಳಿದ್ಲು, ಕೇಳಿಸಲಿಲ್ಲ ಅಂತ ಇನ್ನೊಂದು ಸಲ ಹೇಳಿಸಿದೆ. ಬಂದವರು ನಗುನಗುತ್ತಾ ಚಹಾ ಕುಡಿದು ಹೋದ್ರು.

ನೀನಿದ್ದಿದ್ರೆ ನೀನೂ ಹೀಗೇ ಮಾಡ್ತಿದ್ದೆ.

ಲೆಕ್ಕದಕ್ಕ


ಜನವರಿ ೧೦

ಮೊನ್ನೆ ಬರೆದ ಕಾಗದ ನಿನ್ನೆಯೇ ಅಂಚೆಗೆ ಹೋಯ್ತು, ವಾಪಸ್ ತರೋಕಾಗಲಿಲ್ಲ.

ಇವತ್ತು ಮಕ್ಕಳು ಮನೆಗೆ ಹೋದ ಮೇಲೆ ಗೋಡೆ ಮುಂದೆ ಕುರ್ಚಿ ಎಳ್ಕೊಂಡು ಕೂತೆ. ೧೧೮ ಮತ್ತೆ ೧೧೩. ನಡುವೆ ೧೧೫.೫. ೧೦೯ ಮತ್ತೆ ೧೧೬. ನಡುವೆ ೧೧೨.೫. ಎಂಟು ವಾರ, ಎಂಟು ಸಲ. ಬೇರೆ ಯಾವ ಕೋಲಿಗೂ ಹೀಗೆ ಬರಲ್ಲ, ಉಳಿದವನ್ನೆಲ್ಲಾ ಹಾಕಿ ನೋಡಿದೆ. ಇಪ್ಪತ್ತೆಂಟು ವರ್ಷ ಲೆಕ್ಕ ಹೇಳಿಕೊಟ್ಟವಳ ಕಣ್ಣಿಗೆ ಬೀಳದ್ದು ಆ ಹುಡುಗಿ ಕಣ್ಣಿಗೆ ಬಿತ್ತು.

ಕೋಲು ಇದೆಯೋ ಇಲ್ವೋ? ಅಷ್ಟು ಬರಿ. ಬಿರುಗಾಳಿ ಕತೆ ಬೇಡ.

ಅಕ್ಕ


ಜನವರಿ ೨೬
ಶಿಬಿರ

ಅಕ್ಕಾ,

ಇಲ್ಲ.

ಎರಡೂ ಕಾಗದ ಒಂದೇ ಚೀಲದಲ್ಲಿ ಬಂದವು. ಮೊದಲನೇದು ಓದಿ ಮುಗಿಸೋ ಹೊತ್ತಿಗೆ ಎರಡನೇದು ಒಡೆಯೋ ಧೈರ್ಯ ಉಳಿದಿರಲಿಲ್ಲ.

ನಡೆದದ್ದು ಹೇಳ್ತೀನಿ. ಉಗ್ರಾಣದವರು ಎಷ್ಟು ಕೋಲು ಬೇಕು ಅಂದ್ರು. ಮುನ್ನೂರ ಮೂವತ್ತು ಮೀಟರ್ ಸಾಲು, ಹತ್ತು ಮೀಟರಿಗೊಂದು. ಭಾಗಿಸಿ ಮೂವತ್ಮೂರು ಅಂದೆ. ಬೇಲಿಗೆ ಕಂಬ ಎಣಿಸೋ ಲೆಕ್ಕ, ಕೊನೆಯ ಒಂದನ್ನ ಕೂಡಿಸೋಕೆ ಮರೀಬೇಡಿ ಅಂತ ನೀವು ಏಳನೇ ತರಗತಿಗೆ ಹೇಳಿಕೊಡೋದನ್ನ ಪಕ್ಕದ ಕೋಣೆಯಿಂದ ವರ್ಷಾ ವರ್ಷ ಕೇಳಿದವಳು ನಾನು. ಸಾಲಿನ ಕೊನೆಗೆ ಹೋದಾಗ ಕೈಯಲ್ಲಿ ಕೋಲಿಲ್ಲ. ಉಗ್ರಾಣದಲ್ಲಿ ಇನ್ನೊಂದೂ ಇಲ್ಲ. ಮೂವತ್ನಾಲ್ಕನೇ ಹುಡುಗನ ಚೀಟಿ ಮಾತ್ರ ಕೈಯಲ್ಲಿತ್ತು.

ಅವತ್ತೇ ಬರೆದಿದ್ರೆ ನೀವು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿ ನಗ್ತಿದ್ರಿ. ಆ ನಗು ನೆನೆಸ್ಕೊಂಡೇ ನಾಚಿಕೆ ಆಯ್ತು. ಅಷ್ಟೇ ಅಕ್ಕಾ, ಬೇರೆ ದೊಡ್ಡ ಕಾರಣ ಏನೂ ಇಲ್ಲ.

ಕೊನೆಯ ಜಾಗ ಖಾಲಿ ಬಿಟ್ರೆ ಸಾಲು ಮೊಟಕಾದದ್ದು ಸಾಹೇಬರ ಕಣ್ಣಿಗೆ ಬೀಳ್ತದೆ, ನಡುವೆ ಒಂದು ಇಲ್ಲದಿದ್ರೆ ಗಾಳಿ ಕಿತ್ಕೊಂಡು ಹೋಯ್ತು ಅಂದ್ಕೋತಾರೆ. ಅಲ್ಲದೆ ಆ ಹುಡುಗನ ಅಪ್ಪ ಶಾಲೆ ಸಮಿತಿಯಲ್ಲಿ ಇದಾರೆ. ಸಾಲಿನ ಉದ್ದಕ್ಕೂ ಹಿಂದಕ್ಕೆ ನಡೆದೆ. ಒಂದೊಂದು ಚೀಟಿ ಓದ್ತಾ ಯಾರದ್ದನ್ನ ಕೀಳಲಿ ಅಂತ ನೋಡಿದೆ. ಇವನು ಗಲಾಟೆ ಮಾಡ್ತಾನೆ. ಇವಳ ಅಮ್ಮ ಬಂದು ಕೇಳ್ತಾರೆ. ಇಪ್ಪತ್ಮೂರರ ಹತ್ರ ಬಂದು ನಿಂತೆ. ಯಾರೂ ಕೇಳೋಕೆ ಬರಲ್ಲ ಅಂತ ಅನ್ನಿಸ್ತು. ಕಿತ್ತು ಹೆಗಲ ಮೇಲೆ ಹಾಕ್ಕೊಂಡು ಹೋಗಿ ಕೊನೆಯಲ್ಲಿ ನೆಟ್ಟೆ. ಇದನ್ನ ನಾನು ಯೋಚನೆ ಮಾಡಿಯೇ ಮಾಡಿದ್ದು, ಇದೊಂದು ನಿಮಗೆ ಸರಿಯಾಗಿ ಗೊತ್ತಿರಲಿ.

ಸಾಹೇಬರಿಗೆ ಕೊಡೋ ಪುಸ್ತಕದಲ್ಲಿ ಮೂವತ್ಮೂರೇ ಬರೀತೀನಿ, ಶಾಲೆಗೆ ಕಳಿಸೋವಾಗ ಮೂವತ್ನಾಲ್ಕು. ಅರ್ಧವನ್ನ ಬಿಟ್ಟು ಬರೆದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಸುಳ್ಳಿನ ಲೆಕ್ಕವೂ ಸರಿ ಇರಲಿ ಅನ್ನೋ ಬುದ್ಧಿ ನಂದು.

ಇದರ ಜೊತೆ ಮಕ್ಕಳಿಗೆ ಒಂದು ಕಾಗದ ಇಟ್ಟಿದೀನಿ. ಎಲ್ಲಾ ಬರೆದಿದೀನಿ, ಅವಳು ಸರಿ, ನಾನು ತಪ್ಪು ಅಂತ. ದಯವಿಟ್ಟು ತರಗತಿಯಲ್ಲಿ ಗಟ್ಟಿಯಾಗಿ ಓದಿ. ನಾನು ಬರೋದಕ್ಕೆ ಮುಂಚೆ ಓದಿ.

ನಿಮ್ಮ ತಂಗಿ


ಫೆಬ್ರವರಿ ೧೧

ಓದಲಿಲ್ಲ.

ಮೊದಲು ಹೆಡ್ ಮೇಡಂಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, ಅವಳು ಬಂದು ತಾನೇ ಹೇಳ್ಕೊಳ್ಳಲಿ, ನೀವ್ಯಾಕೆ ಮೈಮೇಲೆ ಎಳ್ಕೋತೀರಿ ಅಂದ್ರು. ಅದೊಂದೇ ಕಾರಣ ಅಂತ ಬರೆದು ಕೈ ತೊಳ್ಕೋಬಹುದಿತ್ತು. ಮರುದಿನ ಕಾಗದ ಹಿಡ್ಕೊಂಡು ತರಗತಿಗೆ ಹೋದೆ ಕಣೇ. ನಿನ್ನ ತಪ್ಪು ಓದೋಕೆ ಎದ್ದು ನಿಂತ್ರೆ ಕೊನೆಗೆ ನನ್ನ ತಪ್ಪು ನಾನೇ ಹೇಳಬೇಕು. ಇಪ್ಪತ್ತೆಂಟು ವರ್ಷದಲ್ಲಿ ಮಕ್ಕಳ ಹತ್ರ ಒಂದು ಸಲವೂ ಕ್ಷಮಿಸಿ ಅಂದಿಲ್ಲ ನಾನು, ಆ ಪದ ಬಾಯಿಗೆ ಬರಲಿಲ್ಲ. ಅವಳ ಬಾಯಲ್ಲಿ ಎರಡು ಸಲ ಹೇಳಿಸಿದವಳಿಗೆ.

ಬೆಳಕಿನ ವಕ್ರೀಭವನ ಪಾಠ ಮಾಡಿ ಬಂದೆ. ನಿನ್ನ ಕಾಗದ ಲಾಗರಿದಮ್ ಪುಸ್ತಕದೊಳಗೆ ಇದೆ.

ಯಾರೂ ಕೇಳೋಕೆ ಬರಲ್ಲ ಅಂತ ಬರೆದಿದೀಯಲ್ಲ, ಅದನ್ನ ಓದಿ ನಿನ್ನ ಮೇಲೆ ಹಲ್ಲು ಕಡಿದೆ. ಆಮೇಲೆ ಯೋಚನೆ ಮಾಡಿದೆ. ಆವತ್ತು ಆ ಸಮಿತಿಯವರ ಮಗ ಎದ್ದು ನಿಂತು ನನ್ನ ಕೋಲಿಲ್ಲ ಅಂದಿದ್ರೆ ನಾನು ಏನು ಮಾಡ್ತಿದ್ದೆ? ಕೂತ್ಕೊಳಪ್ಪ, ನೋಡೋಣ ಅಂತಿದ್ದೆ.

ಶುಕ್ರವಾರದ ಸಂಖ್ಯೆ ಈಗಲೂ ಬರ್ತಿದೆ. ಇಪ್ಪತ್ಮೂರರ ಎದುರು ಈಗ ಅಡ್ಡಗೆರೆ ಹಾಕಿ ಕಳಿಸ್ತಿದೀಯ. ಮಕ್ಕಳು ಯಾಕೆ ಅಂತ ಕೇಳಿದ್ರು. ಕೋಲು ಹಿಮದಲ್ಲಿ ಮುಚ್ಚಿಹೋಗಿರಬೇಕು ಅಂದೆ. ಅವಳು ನನ್ನ ಮುಖವನ್ನೇ ನೋಡ್ತಾ ಇದ್ಲು.

ಅಕ್ಕ


ಮಾರ್ಚ್ ೩
ಮೇಜಿನ ಈ ಕಡೆಯಿಂದ

ಅಕ್ಕಾ,

ಎದುರಿಗೇ ಕೂತಿದೀರಿ, ಆದ್ರೂ ಕಾಗದ ಬರೆದು ನಿಮ್ಮ ಡ್ರಾಯರಿಗೆ ಹಾಕ್ತಿದೀನಿ. ನಾನು ಬಂದು ಆರು ದಿನ ಆಯ್ತು, ಚಾಕ್‌ಪೀಸ್ ಡಬ್ಬಿ ಕೊಡಿ ಅನ್ನೋದು ಬಿಟ್ಟು ಬೇರೆ ಮಾತು ನಮ್ಮಿಬ್ಬರ ನಡುವೆ ಬಂದಿಲ್ಲ.

ನಿನ್ನೆ ಸಭಾಂಗಣದಲ್ಲಿ ನನ್ನ ಪಾಠ ನೋಡಿದ್ರಿ. ಎಲ್ಲಾ ತರಗತಿಗಳೂ ಇದ್ವು. ಹೊರಡೋ ಮುಂಚೆ ಕಿತ್ತು ತಂದ ಎರಡು ಕೋಲು ತೋರಿಸಿದೆ, ದಪ್ಪ ಕೋಟು ಹಾಕ್ಕೊಂಡು ನಿಂತೆ, ಮಕ್ಕಳು ಚಪ್ಪಾಳೆ ತಟ್ಟಿದ್ರು. ನನ್ನ ತಪ್ಪನ್ನ ಪಾಠದ ಕೊನೆಗೆ ಹೇಳಬೇಕು ಅಂತ ಚೀಟಿಯಲ್ಲಿ ಬರ್ಕೊಂಡಿದ್ದೆ. ಅಡ್ಡಗೆರೆಯ ಬಗ್ಗೆ ಹೇಳಿದೆ, ಗೊತ್ತಿಲ್ಲ ಅಂತ ಬರೆಯೋ ಧೈರ್ಯವೇ ವಿಜ್ಞಾನ ಅಂದೆ. ಅದಕ್ಕೆ ಇನ್ನೂ ಜೋರಾಗಿ ಚಪ್ಪಾಳೆ ಬಿತ್ತು. ಆ ಸದ್ದಿನಲ್ಲಿ ಚೀಟಿ ಮಡಚಿ ಜೇಬಿಗೆ ಹಾಕ್ಕೊಂಡೆ. ಅವಳು ಐದನೇ ಸಾಲಿನಲ್ಲಿ ಕೂತಿದ್ಲು, ಅವಳೂ ಚಪ್ಪಾಳೆ ತಟ್ತಿದ್ಲು.

ನೀವು ಆ ಕಾಗದ ಓದಿದ್ರೆ ನಾನು ಇಲ್ಲಿಗೆ ಬರೋ ಹೊತ್ತಿಗೆ ಎಲ್ಲಾ ಮುಗಿದಿರ್ತಿತ್ತು. ಹೀಗೆ ಹೇಳೋ ಹಕ್ಕು ನಂಗಿಲ್ಲ, ಆದ್ರೂ ಹೇಳ್ತೀನಿ.

ವಿಜ್ಞಾನದ ಟೀಚರ್


ಮಾರ್ಚ್ ೬
ಮೇಜಿನ ಆ ಕಡೆಯಿಂದ

ಸರಿ, ಎಲ್ಲಾ ನನ್ನ ತಲೆಗೆ ಕಟ್ಟು. ನಿನ್ನ ತರಗತಿ ಕಟ್ಟಿದ ಹಾಗೆ.

ನಿನ್ನೆ ಅವಳನ್ನ ಸ್ಟಾಫ್ ರೂಮಿಗೆ ಕರೆದು ಇಬ್ಬರೂ ಹೇಳಿದ್ವಲ್ಲ. ಬಾಗಿಲು ಮುಂದೆ ಮಾಡಿ, ಆಯಾ ಲೋಟ ತಗೊಂಡು ಹೋಗೋ ತನಕ ಕಾದು, ದನಿ ತಗ್ಗಿಸಿ. ಅವಮಾನ ಮಾಡಿದ್ದು ಮೂವತ್ಮೂರು ಮಕ್ಕಳು, ನಾಲ್ಕು ಜನ ಅಧಿಕಾರಿಗಳ ಮುಂದೆ. ತಪ್ಪಾಯ್ತು ಅಂದಿದ್ದು ಒಂದು ಬೀರು, ಎರಡು ಕುರ್ಚಿಗಳ ಮುಂದೆ. ಅವಳು ಅಂದಿದ್ದು ಒಂದೇ ಮಾತು, "ಪರವಾಗಿಲ್ಲ ಮಿಸ್. ಹೋಗ್ಲಾ?" ನೀನು ಅತ್ತುಬಿಟ್ಟೆ. ನಿನ್ನ ಸಮಾಧಾನ ಮಾಡೋ ಕೆಲಸವೂ ಆ ಹುಡುಗಿ ಮೇಲೆ ಬಿತ್ತು, ಟೇಬಲ್ ಮೇಲಿದ್ದ ನೀರು ತಂದುಕೊಟ್ಲು.

ನಾಳೆ ತರಗತಿಯಲ್ಲಿ ಹೇಳೋಣ ಅಂತ ಆಮೇಲೆ ನೀನು ಅಂದೆ. ನಾಳೆ ಅಂದ್ರೆ ಇವತ್ತು. ನೀನು ಪರೀಕ್ಷೆಯ ವೇಳಾಪಟ್ಟಿ ಓದಿ ಹೇಳಿದೆ, ನಾನು ಗ್ರಾಫ್ ಹಾಳೆ ಗೋಡೆಯಿಂದ ಕಿತ್ತು ಸುತ್ತಿಟ್ಟೆ, ಪರೀಕ್ಷೆಗೆ ಗೋಡೆ ಖಾಲಿ ಇರಬೇಕಂತೆ.

ಅಕ್ಕ


ಮಾರ್ಚ್ ೨೦

ಕೇಳು. ಇದನ್ನ ಬಾಯಲ್ಲಿ ಹೇಳೋಕಾಗಲ್ಲ, ಅದಕ್ಕೇ ಬರೀತಿದೀನಿ.

ಇವತ್ತು ನಿನ್ನ ಪ್ರಾಯೋಗಿಕ ಪರೀಕ್ಷೆಗೆ ಮೇಲ್ವಿಚಾರಣೆ ನಂದು. ಬಿಸಿನೀರು ಆರೋದನ್ನ ಎರಡೆರಡು ನಿಮಿಷಕ್ಕೆ ಥರ್ಮಾಮೀಟರಿನಲ್ಲಿ ನೋಡಿ ಬರೆಯೋ ಪ್ರಯೋಗ. ಹಾಜರಿ ನಂಬರಿನ ಪ್ರಕಾರ ಕೂರಿಸಿದ್ರು. ಇಪ್ಪತ್ಮೂರರ ಥರ್ಮಾಮೀಟರ್ ಕೆಟ್ಟಿತ್ತು, ಪಾದರಸ ಇದ್ದಲ್ಲಿಂದ ಅಲ್ಲಾಡ್ತಿರಲಿಲ್ಲ. ನಂಗೆ ದೂರದಿಂದಲೇ ಕಾಣಿಸ್ತು. ಕೈ ಎತ್ತಿದ್ರೆ ಬೇರೆ ಕೊಡ್ತಿದ್ದೆ, ಮೇಜಿನ ಮೇಲೆ ಎರಡು ಹೆಚ್ಚಿಗೆ ಇದ್ವು. ಈಗ ಎತ್ತುತಾಳೆ, ಈಗ ಎತ್ತುತಾಳೆ ಅಂತ ಕಾದೆ. ಎತ್ತಲಿಲ್ಲ.

ಅವಳು ಒಂದು ಸಲ ಎಡಕ್ಕೆ ನೋಡಿದ್ಲು, ಒಂದು ಸಲ ಬಲಕ್ಕೆ. ಬರೆದ್ಲು. ಎರಡು ನಿಮಿಷ ಬಿಟ್ಟು ಮತ್ತೆ ಎಡಕ್ಕೆ, ಬಲಕ್ಕೆ. ನಾನು ಹಿಂದೆ ಹೋಗಿ ನಿಂತೆ. ಇಪ್ಪತ್ತೆರಡರದ್ದು ೮೧, ಇಪ್ಪತ್ನಾಲ್ಕರದ್ದು ೭೮. ಇವಳದ್ದು ೭೯.೫. ಆಮೇಲೆ ೭೪, ೭೧. ಇವಳದ್ದು ೭೨.೫.

ಏನೇ ಇದು ಅಂದೆ, ಪಿಸುಮಾತಲ್ಲಿ. ಅವಳು ತಲೆ ಎತ್ತಿ ನೋಡಿದ್ಲು. ಕೊಂಕು ಇಲ್ಲ, ಹೆದರಿಕೆ ಇಲ್ಲ. "ಕೆಟ್ಟಿದೆ ಮಿಸ್. ಹೀಗೆ ಬರೀಬಹುದಲ್ವಾ?" ಅಂದ್ಲು.

ನಾನು ವಾಪಸ್ ನನ್ನ ಕುರ್ಚಿಗೆ ಹೋಗಿ ಕೂತೆ. ಬೇರೆ ಥರ್ಮಾಮೀಟರ್ ಕೊಡೋದನ್ನೂ ಮರೆತೆ. ಅವಳು ಆರು ಅಳತೆ ಬರೆದು, ಅಂದವಾಗಿ ಗ್ರಾಫ್ ಎಳೆದು, ಎಲ್ಲರಿಗಿಂತ ಮೊದಲು ಕೊಟ್ಟು ಹೋದ್ಲು.

ಉತ್ತರಪತ್ರಿಕೆ ಕಟ್ಟು ನಿನ್ನ ಕಡೆ ಇಟ್ಟಿದೀನಿ. ಅಂಕ ನೀನೇ ಹಾಕು.

ಅಕ್ಕ


ಮಾರ್ಚ್ ೨೪

ಅಕ್ಕಾ,

ಮೂವತ್ಮೂರು ಪತ್ರಿಕೆ ಮೊದಲ ದಿನವೇ ಮುಗೀತು. ಅವಳದ್ದೊಂದನ್ನ ಮೂರು ದಿನ ಇಟ್ಕೊಂಡೆ. ಸೊನ್ನೆ ಹಾಕಿದ್ರೆ ಯಾಕೆ ಅಂತ ಹೇಳಬೇಕು. ಯಾಕೆ ಅಂತ ಹೇಳೋಕೆ ಶುರು ಮಾಡಿದ್ರೆ ಆ ಸಾಲಿನ ಕೊನೆಯಿಂದ ಶುರು ಮಾಡಬೇಕು. ಅಂಕದ ಜಾಗದಲ್ಲಿ ಅಡ್ಡಗೆರೆ ಎಳೆದು ನೋಡಿದೆ. ಆಫೀಸಿನವರು ವಾಪಸ್ ಕಳಿಸಿದ್ರು, ಸಂಖ್ಯೆ ಬೇಕಂತೆ.

ಇವತ್ತು ಅವಳನ್ನ ಮೆಟ್ಟಿಲ ಹತ್ರ ನಿಲ್ಲಿಸಿ, ಮುಂದೆ ಏನು ಓದ್ತೀಯಮ್ಮ ಅಂತ ಕೇಳಿದೆ. ವಿಜ್ಞಾನ ಮಿಸ್ ಅಂದ್ಲು. ಮೊದಲು ಕಷ್ಟ ಅನ್ನಿಸ್ತಿತ್ತು, ಈಗ ಹೇಗೆ ಮಾಡಬೇಕು ಅಂತ ಗೊತ್ತಾಯ್ತು ಅಂದ್ಲು.

ಹತ್ತಕ್ಕೆ ಹತ್ತು ಹಾಕಿದೀನಿ. ಪಟ್ಟಿ ಹೆಡ್ ಮೇಡಂ ಮೇಜಿನ ಮೇಲಿದೆ, ಮೇಲ್ವಿಚಾರಕಿಯ ಸಹಿ ಬಾಕಿ ಇದೆಯಂತೆ. ನಾಳೆ ಬೆಳಿಗ್ಗೆ ಹೋಗಿ ಹಾಕಿಬಿಡಿ.

ವಿಜ್ಞಾನದ ಟೀಚರ್